ಹೋಗುವಾಗಿನ ಎತ್ತರ

ಊರಿಗೆಲ್ಲ ಒಂದು ದಾರಿಯಾದರೆ ನನ್ನ ಗಂಡನಿಗೆ ಇನ್ನೊಂದು. ಗಲ್ಫಿನ ಕೆಲಸ ಮುಗಿಸಿ ಪುತ್ತೂರಿಗೆ ಬಂದು ನೆಲೆಸಿದವರು ದೊಡ್ಡ ಕಾರು ತೆಗೆದುಕೊಳ್ಳುತ್ತಾರೆ. ಮನೆಯವರೆಲ್ಲ ಕುಳಿತ ಮೇಲೂ ದಾರಿಯಲ್ಲಿ ಸಿಕ್ಕಿದವರಿಗೆ ಜಾಗ ಇರಬೇಕು. ಇವರು ತಂದದ್ದು ಮಂಗಳೂರಿನಲ್ಲಿ ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು. ಕುಳಿತು ಕೈ ಹೊರಗೆ ಹಾಕಿದರೆ ರಸ್ತೆಯ ಜಲ್ಲಿ ಹೆಕ್ಕಬಹುದು, ಅಷ್ಟು ತಗ್ಗು. ನೋಡಿ ಮೊದಲು ನಕ್ಕವಳು ನಾನೇ.

"ಅಲ್ಲ ಮಾರಾಯ್ರೆ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಎಲ್ಲಿ ಕೂರಿಸುದು?"

"ಕೂರಿಸುದೇ ಬೇಡ. ಅದಕ್ಕೇ ತಂದದ್ದು."

ನನ್ನ ನಗು ಅಲ್ಲಿಗೇ ನಿಂತಿತು. ಇವರು ಗಲ್ಫಿನಿಂದ ರಜೆಯಲ್ಲಿ ಬಂದಾಗಲೆಲ್ಲ ನಮಗೊಂದು ಬಾಡಿಗೆಯ ವ್ಯಾನು. ಸಂಬಂಧಿಕರ ಒಂದು ಮನೆ ಬಿಟ್ಟರೂ ಅವರಿಗೆ ಬೇಸರ, ಆದ್ದರಿಂದ ಕಡಬ, ಸುಳ್ಯ, ಉಪ್ಪಿನಂಗಡಿ ಎಂದು ರಜೆಯಿಡೀ ಸುತ್ತಾಟ. ಇವರು ಡ್ರೈವರನ ಪಕ್ಕ, ಅತ್ತೆ ನಡುವಿನ ಸೀಟಿನಲ್ಲಿ, ನಾನು ವಾಂತಿ ಮಾಡುವ ಮಕ್ಕಳ ಜೊತೆ ಕಟ್ಟಕಡೆಯಲ್ಲಿ. ನಮ್ಮಲ್ಲಿ ಹೊರಗೆ ಹೋಗುವುದೆಂದರೆ ಯಾರದಾದರೂ ಮನೆಗೆ ಹೋಗುವುದು. ಗಂಡ ಹೆಂಡತಿ ಇಬ್ಬರೇ ಪಕ್ಕಪಕ್ಕ ಕುಳಿತು ಒಂದು ದಾರಿ ಹೋದ ನೆನಪು ನನಗಿಲ್ಲ.

ಕಾರಿನ ಇಂಜಿನ್ ರಿಪೇರಿ ಆಗುವಷ್ಟರಲ್ಲಿ ಇವರ ಬೆನ್ನು ಕೈಕೊಟ್ಟಿತು. ಆಪರೇಷನ್ ಆಯಿತು. ಕಾರು ಬಿಡಬಹುದು, ಆದರೆ ಕುಲುಕಾಟ ಮಾತ್ರ ಆಗದು ಎಂದರು ಡಾಕ್ಟರು. ಗುಣವಾದ ಮೇಲೆ ಆಸೆಯಿಂದ ಪೇಟೆಯವರೆಗೆ ಹೋಗಿ ಬಂದೆವು. ಶಾಲೆಯ ಎದುರಿನ ರೋಡ್ ಹಂಪಿನಲ್ಲಿ ಕಾರಿನ ಹೊಟ್ಟೆ ಧಡಕ್ಕೆಂದು ತಾಗಿತು. ಮನೆಗೆ ಬಂದು ಬಾಗಿಲು ಹಿಡಿದುಕೊಂಡು ಇಳಿದವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೊಟ್ಟುಬಿಡುವ ಇದನ್ನು," ಎಂದರು. "ಬೆಂಗಳೂರಿನವರು ಒಬ್ಬರು ಕ್ರಯಕ್ಕೆ ಕೇಳಿದ್ದಾರೆ. ಮಳೆಗಾಲದ ಮೊದಲು ಸರಿ ಆಗದಿದ್ರೆ ಕೊಟ್ಟುಬಿಡುವ."

ಇಷ್ಟು ವರ್ಷ ಕಾದು ಸಿಕ್ಕಿದ ಪಕ್ಕದ ಸೀಟು ನನ್ನದು, ಅದನ್ನು ಒಂದು ಹಂಪಿಗೆ ಬಿಟ್ಟುಕೊಡಬೇಕಾ? ಮರುದಿನ ಗ್ಯಾರೇಜಿಗೆ ಇವರ ಜೊತೆ ನಾನೂ ಹೊರಟೆ.

ಬೈಪಾಸಿನ ಹತ್ತಿರದ ಆ ಮೆಕ್ಯಾನಿಕ್ ಮಾತಿನ ಮಲ್ಲ. ಅವನದ್ದು ಒಂದೇ ಮಂತ್ರ: "ನಮ್ಮ ರೋಡಿಗೆ ಎತ್ತರ ಬೇಕು ಕಾಕ. ಹಿಂದೆ ಒಂದು ಪ್ಲೇಟು ಜಾಸ್ತಿ ಹಾಕುವ, ಮುಂದೆ ಸ್ಪ್ರಿಂಗಿನ ಅಡಿಗೆ ದಪ್ಪ ಬಿಲ್ಲೆ ಕೊಡುವ. ಮತ್ತೆ ಕೊಲ್ಲಮೊಗ್ರಿನ ಕಾಡಿಗೂ ಹೋಗ್ಬಹುದು." ಪ್ಲೇಟು ಎಂದರೆ ಹಿಂದಿನ ಚಕ್ರದ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ, ಅದು ಹೆಚ್ಚಾದಷ್ಟೂ ಕಾರು ಎತ್ತರ, ಮತ್ತು ಗಟ್ಟಿ. ಇವರದ್ದು ಬೇರೆಯೇ ಹಟ. ದಿನವಿಡೀ ಮೊಬೈಲಿನಲ್ಲಿ ನೋಡಿ ನೋಡಿ, ರೇಸಿನವರು ಹಾಕುವ ಗಟ್ಟಿ ಸ್ಪ್ರಿಂಗು, ಕೀಲುಗಳ ನಡುವೆ ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ಷು, ಇನ್ನೂ ಒಂದಿಂಚು ತಗ್ಗು ಎನ್ನುತ್ತಿದ್ದರು. ಸೊಂಟಕ್ಕೆ ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಂಡ ಮನುಷ್ಯನ ಬಾಯಲ್ಲಿ ಬರುವ ಮಾತಾ ಇದು!

"ರೇಸಿಗೆ ಹೋಗುದು ಯಾರು? ನೀವಾ, ನಿಮ್ಮ ಬೆಲ್ಟಾ?" ಎಂದು ಕೇಳಿದೆ. ಮೆಕ್ಯಾನಿಕ್ ಸ್ಪ್ಯಾನರು ಹುಡುಕುವವನಂತೆ ಆಚೆ ತಿರುಗಿ ನಕ್ಕ.

ಮೊದಲು ಅವನ ಮಾತೇ ನಡೆಯಿತು. ಕಾರು ಎತ್ತರವಾಯಿತು. ನೋಡಲಿಕ್ಕೆ ಪಂಚೆ ಎತ್ತಿ ಕಟ್ಟಿಕೊಂಡು ತೋಡು ದಾಟಲು ಹೊರಟ ಮುದುಕನ ಹಾಗಿತ್ತು. ಹಂಪಿಗೆ ತಾಗಲಿಲ್ಲ, ನಿಜ. ಆದರೆ ರಸ್ತೆಯ ಒಂದೊಂದು ಕಲ್ಲೂ ಹೆಸರು ಹೇಳಿಕೊಂಡು ಬೆನ್ನಿಗೆ ಬಂತು. ತಿರುವಿನಲ್ಲಿ ಬೇರೆ ಓಲಾಡುತ್ತಿತ್ತು. ಇವರು ಹಲ್ಲು ಕಚ್ಚಿಕೊಂಡು ಕಾರು ಓಡಿಸಿದರು. ನಾನು ಸುಮ್ಮನಿರುವವಳಲ್ಲ.

"ಜೀಪು ಬೇಕಿದ್ರೆ ಕಡಬದಲ್ಲಿ ಬೇಕಾದಷ್ಟು ಉಂಟು. ಇದನ್ನು ಇಳಿಸು. ಮೆತ್ತಗೆ ಮಾಡು."

"ಮೆತ್ತಗೆ ಮಾಡಿದ್ರೆ ಅಡಿ ತಾಗ್ತದೆ ಅಕ್ಕ."

"ಎಷ್ಟು ಮೆತ್ತಗೆ ಮಾಡಿದ್ರೆ ತಾಗ್ತದೆ, ಎಷ್ಟಕ್ಕೆ ತಾಗುದಿಲ್ಲ, ಅದನ್ನು ನೋಡು. ಅದೇ ಅಲ್ವಾ ನಿನ್ನ ಕೆಲಸ?"

ಅವನಿಗೆ ಸ್ವಲ್ಪ ಸಿಟ್ಟು ಬಂತು, ಆದರೆ ಕೆಲಸದ ಹಟವೂ ಹಿಡಿಯಿತು. ಹೆಚ್ಚಿನ ಪ್ಲೇಟು ತೆಗೆದ. ಮುಂದಕ್ಕೆ ಕಂಪೆನಿ ಅಳತೆಯ ಮೆತ್ತಗಿನ ಸ್ಪ್ರಿಂಗು ತರಿಸಿದೆವು. ಒಣಗಿ ಕಲ್ಲಾಗಿದ್ದ ಬುಷ್ಷುಗಳ ಜಾಗಕ್ಕೆ ಪ್ಲಾಸ್ಟಿಕ್ ಬೇಡ, ರಬ್ಬರೇ ಇರಲಿ ಎಂದೆ. ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರುಗಳ ಬದಲಿಗೆ ಮಾತ್ರ ಸ್ವಲ್ಪ ಬಿಗಿಯಿದ್ದದ್ದೇ ಹಾಕುವ, ಇಲ್ಲದಿದ್ದರೆ ಹಂಪು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ ಎಂದ ಅವನು. ಅದನ್ನು ಒಪ್ಪಿದೆ. ಹೀಗೆ ಮೂವರೂ ಜಗಳ ಮಾಡಿಕೊಂಡೇ ಒಂದು ದಾರಿಗೆ ಬಂದೆವು.

ಎತ್ತರ ಗೊತ್ತುಮಾಡುವ ದಿನ ಅವನೆಂದ, "ಇಬ್ಬರೂ ಕೂತ್ಕೊಳ್ಳಿ. ಖಾಲಿ ಕಾರಲ್ಲಿ ನೋಡಿದ್ರೆ ಆಗುದಿಲ್ಲ." ಕುಳಿತೆವು. ಅವನು ಟಯರಿಗೂ ಮಡ್ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡುವುದು, ಬಿಲ್ಲೆ ತೆಗೆದು ತೆಳ್ಳಗಿನದ್ದು ಹಾಕುವುದು, ಪುನಃ ನಮ್ಮನ್ನು ಕೂರಿಸುವುದು. ಗ್ಯಾರೇಜಿಗೆ ಬಂದವರೆಲ್ಲ ಮದುವೆಯ ಸ್ಟೇಜಿನ ಎದುರು ನಿಂತವರ ಹಾಗೆ ನಮ್ಮನ್ನು ನೋಡುತ್ತಿದ್ದರು. ನಾಚಿಕೆಯೂ ಆಯಿತು, ಸುಳ್ಳು ಯಾಕೆ, ಸಂತೋಷವೂ ಆಯಿತು. ಕೊನೆಗೆ ನಾಲ್ಕು ಬೆರಳು ಸಲೀಸಾಗಿ ಹೋಗುವಲ್ಲಿಗೆ ನಿಲ್ಲಿಸಿದ.

ಪರೀಕ್ಷೆಗೆಂದು ಕಡಬಕ್ಕೆ ಹೊರಟೆವು. ಅಲ್ಲಿ ಇವರ ಅಕ್ಕನ ಮನೆ, ತಾಯಿಯ ಹಾಗೆ ಇವರನ್ನು ಎತ್ತಿ ಆಡಿಸಿದ ಅತ್ತಿಗೆ. ಸವಣೂರು, ಕಾಣಿಯೂರು ದಾರಿಯಲ್ಲಿ ಬಿಸಿಲಿತ್ತು, ಗಾಳಿ ಇತ್ತು. ಹಂಪು ಬಂದಾಗಲೆಲ್ಲ ನಾನು ಇವರ ಮುಖ ನೋಡುತ್ತಿದ್ದೆ. ಕಾರು ಮೆತ್ತಗೆ ಏರಿ ಮೆತ್ತಗೆ ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿ ಇವರು ಹಳೆಯ ಹಾಡೊಂದನ್ನು ಗುನುಗತೊಡಗಿದರು. ಅಲ್ಲಾಹನೇ, ಇವರು ಹಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ. ರಾಗ ಇರಲಿಲ್ಲ, ಅದು ಬೇರೆ ವಿಷಯ.

ಊಟವಾಯಿತು, ಮಾತಾಯಿತು. ಹೊರಡುವ ಹೊತ್ತಿಗೆ ಅಂಗಳಕ್ಕೆ ಬಂದು ನೋಡುತ್ತೇನೆ, ಕಾರಿನ ಡಿಕ್ಕಿ ಬಾಯಿ ತೆರೆದಿದೆ. ಒಳಗೆ ಹಲಸಿನ ಹಣ್ಣು, ಸುಲಿದ ತೆಂಗಿನಕಾಯಿಯ ಚೀಲ, ಬಾಳೆಗೊನೆ. ಅಲ್ಲಿ ಹಿಡಿಯದ ಇನ್ನೊಂದು ಹಲಸು ನನ್ನ ಕಾಲಿಡುವ ಜಾಗದಲ್ಲಿ. ನಮ್ಮ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಮನೆ ಎಲ್ಲಿದೆ? ಮೆಕ್ಯಾನಿಕ್ ಸೇರಿ ನಾವು ಮೂವರೂ ಈ ನೀರು ಕುಡಿದು ಬೆಳೆದವರು, ಅಷ್ಟು ದಿನ ಬೆರಳು ತೂರಿಸಿ ಅಳೆದವರು. ಅಳೆದದ್ದು ಹೋಗುವಾಗಿನ ಎತ್ತರವನ್ನು. ಬರುವಾಗಿನದ್ದು ಒಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನ ಟಯರಿನ ಮೇಲೆ ಈಗ ಒಂದು ಬೆರಳೂ ಹೋಗುವಂತಿರಲಿಲ್ಲ.

ಇವರು ನೋಡಿದರು. ಅಕ್ಕನ ಮುಖ ನೋಡಿದರು. ಕುಳಿತು ಕಾರು ತಿರುಗಿಸಿದರು. ಓಣಿ ದಾಟಿ ರಸ್ತೆಗೆ ಸೇರುವಲ್ಲೇ ಒಂದು ಹಂಪು. ಧಡಕ್!

ಇವರು ಬದಿಗೆ ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಕೊಟ್ಟರು. "ಆಗ್ಲಿಕ್ಕಿಲ್ಲ ಮಾರಾಯ್ತಿ. ಕೊಟ್ಟುಬಿಡುವ," ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಇವರ ಮೇಲಲ್ಲ, ಕಾರಿನ ಮೇಲೂ ಅಲ್ಲ. ಕಾಲಬುಡದ ಹಲಸನ್ನು ಸೊಂಟಕ್ಕೇರಿಸಿಕೊಂಡು ಓಣಿಯಲ್ಲಿ ವಾಪಸು ನಡೆದೆ. ಅಂಗಳದಲ್ಲಿ ಅತ್ತಿಗೆ ಇನ್ನೂ ನಿಂತೇ ಇದ್ದರು.

"ಎಂತಾಯ್ತು? ಹಣ್ಣು ಹಾಳುಂಟಾ?"

"ಹಣ್ಣು ಚಂದ ಉಂಟು ಅಕ್ಕ. ಕಾರಲ್ಲಿ ಜಾಗ ಇಲ್ಲ. ಅದು ನಮ್ಮಿಬ್ಬರಿಗೇ ಅಂತ ಮಾಡಿಸಿದ್ದು. ಒಂದು ತೆಂಗಿನಕಾಯಿ ಹೆಚ್ಚಾದರೂ ನಿಮ್ಮ ತಮ್ಮನ ಬೆನ್ನಿಗೆ ಬರ್ತದೆ. ಡಿಕ್ಕಿಯಲ್ಲಿದ್ದದ್ದನ್ನೂ ತರ್ತೇನೆ."

ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು. ಅತ್ತಿಗೆಯ ಮುಖ ಕಪ್ಪಿಟ್ಟಿತು. "ನನ್ನ ಮನೆಯಿಂದ ಇದುವರೆಗೆ ಯಾರೂ ಬರಿಗೈಲಿ ಹೋಗಿಲ್ಲ," ಎಂದು ಒಳಗೆ ಹೋಗಿಬಿಟ್ಟರು. ನಾನು ಹಲಸನ್ನು ಜಗಲಿಯಲ್ಲಿಟ್ಟು ಬಿಸಿಲಲ್ಲಿ ನಿಂತೆ. ಹೋಯಿತು, ಸಂಬಂಧವೇ ಕೆಟ್ಟಿತು ಎಂದುಕೊಂಡೆ.

ಅತ್ತಿಗೆ ವಾಪಸು ಬಂದರು. ಕೈಯಲ್ಲಿ ಹಳೆಯ ಸೀರೆಯ ಗವಸು ಹಾಕಿದ ಒಂದು ಸಣ್ಣ ದಿಂಬು, ಬೂರುಗದ ಹತ್ತಿಯದ್ದು.

"ಇದು ಭಾರ ಇಲ್ಲ," ಎಂದರು. "ಅವನ ಬೆನ್ನಿಗೆ ಕೊಡು. ಹಣ್ಣು ಕಾಯಿ ನಾಳೆ ಜೀಪಲ್ಲಿ ಬರ್ತದೆ, ಇಳಿಸಿಕೊಳ್ಳಿ. ಅದಕ್ಕೂ ಬೇಡ ಹೇಳ್ಬೇಡ."

ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. "ಹೋಗು ಹೋಗು, ಅವ ಒಬ್ಬನೇ ಇದ್ದಾನೆ," ಎಂದು ದಬ್ಬಿದರು.

ಡಿಕ್ಕಿ ಖಾಲಿಯಾಯಿತು, ದಿಂಬು ಇವರ ಬೆನ್ನಿಗೆ ಹೋಯಿತು. ಬರುವ ದಾರಿಯಲ್ಲಿ ಹಂಪುಗಳು ಒಂದೊಂದಾಗಿ ಅಡಿಯಿಂದ ಜಾರಿಹೋದವು. ಸವಣೂರು ದಾಟಿದ ಮೇಲೆ ಇವರು ಕೇಳಿದರು.

"ಬರುವ ವಾರ ಕೊಲ್ಲಮೊಗ್ರಿನ ಕಡೆಗೆ ಹೋಗುವಾ?"

ಕಾರು ಕೊಡುವ ಮಾತು ಎತ್ತುತ್ತಾರೋ ಎಂದು ಕಾಯುತ್ತಿದ್ದ ನಾನು ಅಭ್ಯಾಸಬಲದಿಂದ ಕೇಳಿದೆ, "ಅಲ್ಲಿ ಯಾರ ಮನೆಗೆ?"

ಇವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಯಾರ ಮನೆಗೂ ಅಲ್ಲ."