ದೊಡ್ಡವ್ವನ ಸಂಶೋಧನೆ ಮತ್ತು ಜೋಳದ ಗಂಟು

ಇವತ್ತು ಬೆಳಿಗ್ಗೆ ಬಾಣಲೆಯಲ್ಲಿ ಜೋಳ ಬಿಸಿಯಾಗುವ ವಾಸನೆ ಕಾಂಪೌಂಡು ದಾಟಿತೋ ಇಲ್ಲವೋ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಗಿರಿಜಾ ಕೂಗಿದಳು: "ಏನ್ರಿ ಟೀಚರ್, ಪಂಚಮಿ ಇನ್ನೂ ದೂರ ಐತಿ, ಈಗ ಅಳ್ಳು ಹುರಿಯಾಕ ಹತ್ತೀರಿ?"

ಅಳ್ಳಲ್ಲ, ಅಂದರೆ ನಾಗರಪಂಚಮಿಗೆ ಹುರಿಯುವ ಜೋಳದ ಅರಳಲ್ಲ. ಬಿಸಿ ಜೋಳವನ್ನು ಹಳೆಯ ದಿಂಬಿನ ಚೀಲಕ್ಕೆ ಸುರಿದು, ಗಂಟು ಕಟ್ಟಿ ಹೊಟ್ಟೆಯ ಮೇಲಿಟ್ಟುಕೊಂಡರೆ ತಿಂಗಳ ನೋವು ಸ್ವಲ್ಪ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಇದನ್ನು ಕಲಿಸಿದವಳು ಅವ್ವನ ಅಕ್ಕ, ನಮ್ಮ ಮನೆಯಲ್ಲೇ ಇರುವ ದೊಡ್ಡವ್ವ.

ಅವಳಂಥ ಸಂಶೋಧಕಿ ಕುಷ್ಟಗಿಯಲ್ಲಿ ಇನ್ನೊಬ್ಬಳಿಲ್ಲ ನೋಡಿ. ಕೆಲವು ವರ್ಷಗಳ ಹಿಂದೆ ನಾನು ತಿಂಗಳಿಗೆ ಮೂರು ದಿನ ಶಾಲೆಗೆ ರಜೆ ಹಾಕಿ ಮುದುಡಿ ಮಲಗತೊಡಗಿದಾಗ, "ಹೆಣ್ಮಕ್ಕಳಿಗೆ ಇದೆಲ್ಲಾ ಇರೂದ" ಎಂದು ಬಂದವರೆಲ್ಲ ಚಹಾ ಕುಡಿದು ಎದ್ದುಹೋದರು. ದೊಡ್ಡವ್ವ ಮಾತ್ರ ಕಾರಣ ಹುಡುಕಲು ಹೊರಟಳು. ಓಣಿಯ ಹೆಂಗಸರನ್ನೆಲ್ಲ ವಿಚಾರಿಸಿದಳು. ಬದನೆಕಾಯಿ ನಂಜು ಎಂದರು ಒಬ್ಬರು, ಸ್ಕೂಟಿಯ ಕುಲುಕಾಟ ಎಂದರು ಇನ್ನೊಬ್ಬರು. ಒರಳುಕಲ್ಲಿನ ಮೇಲೆ ಕೂತಿರಬೇಕು ಎಂದವರೂ ಇದ್ದರು. ನಮ್ಮ ಮನೆಯಲ್ಲಿರುವುದು ಮಿಕ್ಸಿ. ಅದರ ಮೇಲೆ ಕೂರುವಷ್ಟು ಧೈರ್ಯ ನನಗಿಲ್ಲ.

"ತಿಂಗಳಿಗೆ ಒಂದೊಂದ ಬಿಡ್ಸೂಣು. ಎಲ್ಲಾ ಕೂಡಿ ಬಿಡ್ಸಿದ್ರ ಯಾವುದು ಅಂತ ಹೆಂಗ ತಿಳೀಬೇಕು?" ಎಂದಳು ದೊಡ್ಡವ್ವ. ಬದನೆಕಾಯಿ ಹೋಯಿತು, ನೋವು ಹೋಗಲಿಲ್ಲ. ಬದನೆಕಾಯಿ ವಾಪಸ್ಸು ಬಂದು ಮೊಸರು ಹೋಯಿತು. ಆಮೇಲೆ ಸ್ಕೂಟಿ. ದಾಳಿಂಬೆಯ ಸರದಿ ಬಂದಾಗ ನಾನು ತಿರುಗಿಬಿದ್ದೆ. "ಇನ್ನ ಉಳದದ್ದು ನಿನ್ನ ಸಂಶೋಧನಾ. ಅದನ್ನೊಂದು ಬಿಡ್ಸಿ ನೋಡು!"

ಹಾಗೆ ಇಬ್ಬರೂ ಕೊಪ್ಪಳದ ಬಸ್ಸು ಹತ್ತಿದೆವು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುತ್ತದಂತೆ.

"ಅಂದ್ರ ಒಳಗ ಮನಿ ಇದ್ರೂ ಕಟ್ಟಿ ಮ್ಯಾಲ ಸಂಸಾರ ಹೂಡೇತಿ," ಎಂದಳು ದೊಡ್ಡವ್ವ. "ಯಾಕ ಬರ್ತೈತ್ರಿ ಇದು?"

"ಇನ್ನೂ ಪೂರ್ತಿ ತಿಳಿದಿಲ್ರಿ ಅಮ್ಮಾ. ಸಂಶೋಧನಾ ನಡದೈತಿ."

ದೊಡ್ಡವ್ವನ ಮುಖ ಅರಳಿತು. "ನಮ್ದೂ ನಡದೈತ್ರಿ. ಬದನಿಕಾಯಿ ಅಲ್ಲ ಅಂತ ಬರ್ಕೋರಿ."

ಡಾಕ್ಟರಮ್ಮ ನಕ್ಕರು. ಬೇರುಸಹಿತ ಹೋಗಲಾಡಿಸುವ ಮದ್ದು ಇನ್ನೂ ಇಲ್ಲ, ಗುಳಿಗೆಯಿಂದ ಹತೋಟಿಗೆ ತರಬಹುದು ಎಂದು ಹೇಳಿ, "ಒಮ್ಮೊಮ್ಮೆ ಮನೆತನದಾಗ ಬರ್ತೈತಿ. ನಿಮ್ಮ ಪೈಕಿ ಯಾರಿಗರ ಹಿಂಗ ಇತ್ತೇನ್ರಿ?" ಎಂದು ಕೇಳಿದರು.

ಇಡೀ ಓಣಿಯನ್ನು ವಿಚಾರಿಸಿ ಬಂದಿದ್ದವಳು ಸೆರಗಿನ ಅಂಚು ತಿರುವುತ್ತ ಕೂತಳು.

"ನನಗ ಇತ್ರಿ," ಎಂದಳು ಕೊನೆಗೆ. "ಮುಟ್ಟು ನಿಲ್ಲೂತನಕಾ ಇತ್ತು. ಅಳ್ಳು ಹುರಿಯಾಕ ಹತ್ತೀನಿ ಅಂತ ಸುಳ್ಳು ಹೇಳಿ ಜೋಳ ಕಾಸ್ಕೋತಿದ್ದೆ. ಏನಾಗೇತಿ ಅಂತ ಯಾರೂ ಕೇಳಲಿಲ್ರಿ."

ನಾನೂ ಕೇಳಿರಲಿಲ್ಲ. ಜೋಳದ ಗಂಟು ಅವಳಿಗೆ ಹೇಗೆ ಗೊತ್ತಿತ್ತು ಎಂದು ಒಮ್ಮೆಯಾದರೂ ಯೋಚಿಸಬೇಡವೇ? ಆ ದಿನ ಬಸ್ಸಿನಲ್ಲಿ ನನಗೆ ತುಂಬ ನಾಚಿಕೆಯಾಯಿತು.

ಗುಳಿಗೆಯಿಂದ ಈಗ ನೋವು ಎಷ್ಟೋ ವಾಸಿ. ನಾಚಿಕೆಯ ಅಭ್ಯಾಸಕ್ಕೆ ಮಾತ್ರ ಗುಳಿಗೆ ಸಿಕ್ಕಿಲ್ಲ. ಇವತ್ತು ಕೂಡ ಗಿರಿಜಾಗೆ "ಹೂಂ, ಅಳ್ಳು" ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ದೊಡ್ಡವ್ವ ಕಿಟಕಿಗೆ ಬಂದು ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಅಳ್ಳಲ್ಲವ್ವಾ, ತಿಂಗಳ ಬ್ಯಾನಿಗೆ ಕಾವು! ನಿನಗೂ ಇದ್ರ ಬಾ, ಜೋಳ ಭಾಳ ಅದಾವು."

ಆಚೆ ಗಿರಿಜಾಳ ಮನೆಯ ಚಿಲಕ ಸರಿಯಿತು. ಆಮೇಲೆ ನಮ್ಮ ಗೇಟು ಕಿರ್ರೆಂದಿತು. ನಾನು ಬಾಣಲೆಗೆ ಇನ್ನೊಂದು ಬೊಗಸೆ ಜೋಳ ಹಾಕಿದೆ.