‘ಸ್’ ದಾಟದ ಗೋಡೆ

ನಾವು ಬೈಂದೂರಿಗೆ ಬಂದ ಮೂರನೇ ದಿನ ಮಧ್ಯಾಹ್ನ, ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಹೆಂಗಸೊಬ್ಬರು ಬಾಗಿಲು ತಟ್ಟದೆ ಒಳಗೆ ಬಂದು ನಮ್ಮ ಮನೆಯ ವಯರುಗಳನ್ನೆಲ್ಲ ಒಂದೊಂದಾಗಿ ಕಿತ್ತರು. ಟಿವಿ, ಮಿಕ್ಸಿ, ಮೊಬೈಲ್ ಚಾರ್ಜರ್, ಯಾವುದನ್ನೂ ಬಿಡಲಿಲ್ಲ. ನಾನು ಮಗಳನ್ನು ಎತ್ತಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟೆ. ದೂರದಲ್ಲೆಲ್ಲೋ ಒಮ್ಮೆ ಗುಡುಗಿತ್ತು, ಅಷ್ಟೇ. "ಗುಡ್ಗ್ ಬಂದ್ರೆ ವಯರ್ ತೆಗೀಕ್, ಗೊತ್ತಿಲ್ಯಾ?" ಎಂದು ಕೇಳಿ, ಬಂದ ಹಾಗೆಯೇ ಹೊರಟುಹೋದರು. ಅವರೇ ಮನೆಯೊಡತಿ ಗಿರಿಜಕ್ಕ. ಬೆಳಿಗ್ಗೆ ಮೀನು ಮಾರಿ ಮಧ್ಯಾಹ್ನಕ್ಕೆ ಮನೆ ಸೇರುವವರು. ಅವರ ಮನೆಯ ಹಿಂದಿನ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕಿತ್ತು.

ನಮ್ಮ ಗದಗ ಸೀಮೆಯಲ್ಲಿ ಗುಡುಗಿದರೆ ಹಿರಿಯರು ಅಂಗಳಕ್ಕೆ ಬಂದು ಮೋಡದ ಕಡೆ ಮುಖವೆತ್ತುತ್ತಾರೆ. ಇಲ್ಲಿ ಒಳಗೆ ಓಡುತ್ತಾರೆ. ಇಲ್ಲಿನ ಸಿಡಿಲು ತೆಂಗಿನ ಮರವನ್ನು ಸುಟ್ಟ ಮೇಲೆ ಫೋನಿನ ತಂತಿ ಹಿಡಿದು ಮನೆಯೊಳಗೂ ಬರುತ್ತದಂತೆ. ನಾನು ಬಾಯಿಮಾತಿಗೆ ನಂಬಿದೆನೇ ಹೊರತು ಮನಸ್ಸಿನಲ್ಲಿ ನಗುತ್ತಿದ್ದೆ. ಕಡಲಿನ ಮೊರೆತ, ಒದ್ದೆ ಗಾಳಿ, ಮೀನಿನ ವಾಸನೆ, ಬೆರಳಿನಷ್ಟು ದಪ್ಪದ ಕುಚ್ಚಲಕ್ಕಿ ಅನ್ನ, ಎಲ್ಲಕ್ಕೂ ಹೆದರುತ್ತಿದ್ದವಳಿಗೆ ಸಿಡಿಲಿಗೂ ಹೆದರಲು ಪುರುಸೊತ್ತಿರಲಿಲ್ಲ. ನನ್ನ ಭಯಗಳ ಸಾಲಿನಲ್ಲಿ ಮೊದಲನೆಯದು ಬೇರೆಯೇ ಇತ್ತು.

ನನ್ನ ಮಗಳು ಸಹನಾಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ಆಪರೇಶನ್ ಮಾಡಿ ಕಿವಿಯೊಳಗೆ ಸಣ್ಣ ತಂತಿ ಕೂರಿಸಿದರು. ಹೊರಗೆ ಕಿವಿಯ ಹಿಂದೊಂದು ಯಂತ್ರ, ಅದಕ್ಕೆ ತಗುಲಿದ ಗುಂಡು ಬಿಲ್ಲೆ ತಲೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮಾತು ಕಲಿಸಬೇಕು. ಹುಬ್ಬಳ್ಳಿಯ ಮೇಡಂ ಒಬ್ಬರು ವಾರಕ್ಕೆರಡು ದಿನ ಕಲಿಸುತ್ತಿದ್ದರು. ಅಷ್ಟರಲ್ಲಿ ಪಶು ಆಸ್ಪತ್ರೆಯಲ್ಲಿದ್ದ ನನ್ನ ಗಂಡನಿಗೆ ಬೈಂದೂರಿಗೆ ವರ್ಗವಾಯಿತು. ಟ್ಯಾಬ್‌ನಲ್ಲಿ ವಿಡಿಯೋ ಹಚ್ಚಿ ಪಾಠ ಮುಂದುವರಿಸೋಣ ಎಂದು ಮೇಡಂ ಒಪ್ಪಿದರು. ಮಾತು ಬರುವ ವಯಸ್ಸು ದಾಟಿದರೆ ದಾಟಿತು, ಒಂದು ವಾರವನ್ನೂ ಕಳೆಯಬೇಡಿ ಎಂದು ಎಚ್ಚರಿಸಿಯೂ ಇದ್ದರು.

ಪಾಠದ ಮೊದಲಿಗೆ ಒಂದು ಪರೀಕ್ಷೆ. ಮೇಡಂ ಬಾಯಿಗೆ ರಟ್ಟು ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎನ್ನುತ್ತಾರೆ. ಕೇಳಿದಾಗಲೆಲ್ಲ ಸಹನಾ ಒಂದು ಮಣಿಯನ್ನು ಲೋಟಕ್ಕೆ ಹಾಕಬೇಕು. ಹುಬ್ಬಳ್ಳಿಯಲ್ಲಿ ಆರಕ್ಕೆ ಆರೂ ಹಾಕುತ್ತಿದ್ದಳು. ಬೈಂದೂರಿನಲ್ಲಿ ‘ಸ್’ ಬಂದಾಗ ಮಣಿ ಅವಳ ಕೈಯಲ್ಲೇ ಉಳಿಯತೊಡಗಿತು. ಅದು ಅವಳ ಹೆಸರಿನ ಮೊದಲ ಸದ್ದು. ನಾನು ಹೇಳಿದರೆ ಹಾಕುತ್ತಿದ್ದಳು, ಆದರೆ ಅದು ಲೆಕ್ಕಕ್ಕಿಲ್ಲ ಎಂದರು ಮೇಡಂ. ತಾಯಿಯ ಕಣ್ಣು ನೋಡಿಯೇ ಮಕ್ಕಳು ಊಹಿಸುತ್ತಾರಂತೆ. ನಿಜ, ನನ್ನ ಮುಖದಲ್ಲಿ ಆಗ ಏನಿರುತ್ತಿತ್ತೆಂದು ನನಗೇ ಗೊತ್ತು. ಮೊದಲು ರೌಟರ್ ಬದಲಿಸಿ ನೋಡಿ, ಆಗಲೂ ಆಗದಿದ್ದರೆ ಕರೆದುಕೊಂಡು ಬನ್ನಿ, ಒಳಗಿನ ತಂತಿ ಜಾರಿದ್ದರೆ ಮತ್ತೆ ಆಪರೇಶನ್ ಬೇಕಾದೀತು ಎಂದರು. ತಪ್ಪು ಮಗಳ ತಲೆಯೊಳಗಿನ ತಂತಿಯದೋ, ಗೋಡೆಯ ಮೇಲಿನ ಡಬ್ಬಿಯದೋ? ಡಬ್ಬಿಯದೇ ಆಗಿರಲಿ ಎಂದು ಕೈಮುಗಿಯುತ್ತ ಡಬ್ಬಿಗಳನ್ನು ಪರೀಕ್ಷಿಸಲು ಶುರುಮಾಡಿದೆ.

ಫೋನಿನ ಲೈನು ಇದ್ದದ್ದು ಗಿರಿಜಕ್ಕನ ಚಾವಡಿಯಲ್ಲಿ, ಎಂದರೆ ಮನೆಯ ಮುಂದಿನ ಪಡಸಾಲೆಯಲ್ಲಿ. ಅಲ್ಲಿಂದ ನಮ್ಮ ಕೋಣೆಗೆ ನಡುವೆ ಎರಡು ಕೆಂಪುಕಲ್ಲಿನ ಗೋಡೆ, ಒಂದೊಂದೂ ಒಂದು ಮೊಳ ದಪ್ಪ. ಗದಗಿನಿಂದ ತಂದಿದ್ದ ಒಂದೇ ಕೊಂಬಿನ ರೌಟರ್ ಅಲ್ಲಿ ಮನೆ ತುಂಬ ಸಾಕಾಗುತ್ತಿತ್ತು. ಇಲ್ಲಿ ಮೇಡಂ ಬಾಯಿ ತೆರೆದವರು ತೆರೆದ ಹಾಗೇ ನಿಂತುಬಿಡುತ್ತಿದ್ದರು. ಕುಂದಾಪುರದ ಅಂಗಡಿಯಲ್ಲಿ ಮೂರು ಕೊಂಬಿನದು ಕೊಂಡೆವು. ಅಂಗಡಿಯವನು ಅದರ ಪಕ್ಕದಲ್ಲೇ ಮೊಬೈಲ್ ಹಿಡಿದು ವೇಗದ ದೊಡ್ಡ ಅಂಕಿ ತೋರಿಸಿದ. ಮನೆಗೆ ತಂದರೆ ಚಿತ್ರ ಕನ್ನಡಿಯಂತೆ ಬಂತು, ಧ್ವನಿ ಮಾತ್ರ ತುದಿ ಕತ್ತರಿಸಿಕೊಂಡು ಬಂತು. ಮೂರನೆಯದು ಗಿರಿಜಕ್ಕನ ತಮ್ಮನ ಬ್ರಹ್ಮಾವರದ ಮನೆಯಲ್ಲಿ ಧೂಳು ಹಿಡಿದು ಕೂತಿದ್ದ ಹಳೆಯದು. ಅದರಲ್ಲಿ ಚಿತ್ರ ಮಸುಕು, ಆದರೆ ಧ್ವನಿ ತುಂಡಾಗುತ್ತಿರಲಿಲ್ಲ. ಮೇಡಂ ಹತ್ತು ಸಲ ‘ಸ್’ ಅಂದರೆ ಎಷ್ಟು ಮಣಿ ಬಿತ್ತೆಂದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಮೊದಲನೆಯದಕ್ಕೆ ಒಂದೂ ಇಲ್ಲ, ಎರಡನೆಯದಕ್ಕೆ ಎರಡು, ಬ್ರಹ್ಮಾವರದ್ದಕ್ಕೆ ಐದು. ಪೆಟ್ಟಿಗೆಯ ಮೇಲೆ ಅಚ್ಚಾದ ಯಾವ ಅಂಕಿಯೂ ನನಗೆ ಬೇಕಾದ್ದನ್ನು ಹೇಳಲಿಲ್ಲ. ಐದು ಬಿದ್ದದ್ದು ಕೇಳಿಸಿಯೋ, ಅದೃಷ್ಟವೋ ಎಂದು ಮತ್ತೆ ಹೆದರಿದೆ.

ಕೊನೆಗೆ ಪಾಠವನ್ನೇ ಚಾವಡಿಗೆ ಸಾಗಿಸಿದೆವು, ಬ್ರಹ್ಮಾವರದ ರೌಟರಿನ ಕಾಲಬುಡಕ್ಕೆ. ಅಲ್ಲೂ ‘ಸ್’ಗೆ ಮಣಿ ಒಮ್ಮೆ ಬಿದ್ದರೆ ಇನ್ನೊಮ್ಮೆ ಇಲ್ಲ. ಗಿರಿಜಕ್ಕ ಬೇಡವೆನ್ನಲಿಲ್ಲ. ಮೀನು ಮಾರಿ ಬಂದು ಕೈಕಾಲು ತೊಳೆದು ಪಕ್ಕದಲ್ಲೇ ಕೂತು, ಮೇಡಂ ಹೇಳಿದ್ದನ್ನೆಲ್ಲ ತಮ್ಮ ಮಾತಿನಲ್ಲಿ ಸಹನಾಗೆ ಇನ್ನೊಮ್ಮೆ ಹೇಳುತ್ತಿದ್ದರು. ಅದೂ ನನಗೆ ಭಯವೇ. ಮನೆಯಲ್ಲಿ ಒಂದೇ ಬಗೆಯ ಮಾತಿರಲಿ ಎಂದಿದ್ದರು ಮೇಡಂ. ಆದರೆ ಅವರ ಚಾವಡಿಯಲ್ಲಿ ಕೂತು ಅವರಿಗೇ ಸುಮ್ಮನಿರಿ ಎನ್ನುವುದು ಹೇಗೆ?

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕಡೆಯ ಪರೀಕ್ಷೆ ಇತ್ತು. ಅಂದು ‘ಸ್’ ಕೇಳದಿದ್ದರೆ ಆಸ್ಪತ್ರೆಯೇ. ಗಿರಿಜಕ್ಕ ಇನ್ನೂ ಬಂದಿರಲಿಲ್ಲ. ಮೇಡಂ ‘ಮ್’ ಮುಗಿಸುವಾಗ ಮೊದಲ ಗುಡುಗು ಬಂತು. ವಯರು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಇನ್ನೆರಡು ಸದ್ದು, ಆಮೇಲೆ ಕೀಳೋಣ ಎಂದುಕೊಂಡೆ. ಹುಟ್ಟಿನಿಂದ ಮಳೆಗಾಗಿ ಕಾದ ಊರಿನವಳು ನಾನು, ಗುಡುಗನ್ನು ಹಗುರವಾಗಿ ಎಣಿಸಿಬಿಟ್ಟೆ.

ಚಾವಡಿ ಬೆಳ್ಳಗಾಯಿತು. ಪಟಾರ್ ಎಂದು ರೌಟರ್ ಸಿಡಿದು ಹೊಗೆ ಬಂತು. ಕಣ್ಣು ಬಿಟ್ಟಾಗ ಸಹನಾ ನೆಲದ ಮೇಲೆ ಮುದುಡಿದ್ದಳು. ಬಿಲ್ಲೆ ತಲೆಯಿಂದ ಕಿತ್ತುಬಂದು ಹೆಗಲ ಮೇಲೆ ಜೋತಾಡುತ್ತಿತ್ತು. ಅದನ್ನು ಮತ್ತೆ ಅಂಟಿಸಿ ಹೆಸರು ಹಿಡಿದು ಕರೆದೆ. ಅವಳು ತಲೆಯೆತ್ತಲಿಲ್ಲ. ಇನ್ನೂ ಜೋರಾಗಿ ಕರೆದೆ. ಯಂತ್ರ ಸುಟ್ಟಿತು, ಒಳಗಿನ ತಂತಿಯೂ ಸುಟ್ಟಿತು, ನನ್ನ ಕೈಯಾರೆ ಸುಟ್ಟೆ ಎಂದುಕೊಂಡೆ. ಸಹನಾ ನನ್ನ ಕಡೆ ನೋಡದೆ ಚೆಲ್ಲಿದ ಮಣಿಗಳನ್ನು ಆಯತೊಡಗಿದಳು.

ಗಿರಿಜಕ್ಕ ಒದ್ದೆಯಾಗಿ ಬಂದದ್ದು ಆಗಲೇ. ಬುಟ್ಟಿಯಲ್ಲಿ ಮಾರದೆ ಉಳಿದ ಬಂಗುಡೆ ಇತ್ತು. ಬುಟ್ಟಿ ಕೆಳಗಿಟ್ಟು ಕಪ್ಪಾದ ರೌಟರನ್ನು ನೋಡಿ ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಬೆಕ್ಕೊಂದು ಬುಟ್ಟಿಗೆ ಬಾಯಿ ಹಾಕಿತು. ಅವರು ಹಲ್ಲು ಕಚ್ಚಿ "ಸ್ಸ್!" ಎಂದು ಅದನ್ನು ಗದರಿದರು.

ಸಹನಾ ಅವರಿಗೆ ಬೆನ್ನು ಹಾಕಿ ಕೂತಿದ್ದಳು. ತಿರುಗಿ ಕೂಡ ನೋಡದೆ, ಒಂದು ಮಣಿ ತೆಗೆದು ಲೋಟಕ್ಕೆ ಹಾಕಿದಳು.

ನಾನು ಇನ್ನೊಮ್ಮೆ ಹಾಗೆಯೇ ಹೇಳಿ ಎಂದು ಕೈಸನ್ನೆ ಮಾಡಿದೆ. ಗಿರಿಜಕ್ಕ ಹೇಳಿದರು. ಮತ್ತೊಂದು ಮಣಿ ಬಿತ್ತು. ನಾನು ಕರೆದಾಗ ಅವಳು ತಲೆಯೆತ್ತದಿದ್ದದ್ದು ಸಿಡಿಲಿಗೆ ಬೆದರಿ, ಕೇಳದೆ ಅಲ್ಲ. ನಾನು ಅಳುತ್ತಿದ್ದೆ. ಅವರು ಹತ್ತಿರ ಕೂತು, "ಹೆಣ್ಣಿನ್ ಕೆಮಿ ಸಮಾ ಇತ್ತ್. ನಿಮ್ ಡಬ್ಬಿಯೇ ಹಾಳ್" ಎಂದರು. ಆ ಊರಲ್ಲಿ ಕೆಮಿ ಎಂದರೆ ಕಿವಿ.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ಮೇಡಂ ಪರೀಕ್ಷಿಸಿ, ತಂತಿ ಎಲ್ಲೂ ಜಾರಿಲ್ಲ ಎಂದರು. ಅಲ್ಲಿಂದ ತವರಿಗೆ ಹೋದೆವು. ಅವ್ವ ತಟ್ಟೆಯಲ್ಲಿ ರೊಟ್ಟಿ ಮುರಿದಿಡುತ್ತಿದ್ದಳು. ಸಹನಾ ಅದನ್ನು ಬೆರಳಲ್ಲಿ ತೋರಿಸಿ, "ಇದ್ ಎಂತ?" ಎಂದಳು. ಅದು ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ. ಅವ್ವ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇದು ಯಾರ ಮನಿ ಮಾತು?" ಎಂದು ಕೇಳಿದಳು. ನಾವು ಏನು ಎನ್ನುವಲ್ಲಿ ಗಿರಿಜಕ್ಕ ಎಂತ ಎನ್ನುತ್ತಾರೆ. ಎಂತ ಎಂಬ ಆ ಮಾತು ಇಂದಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ.

ಬೈಂದೂರಿಗೆ ಬಂದ ಮೊದಲ ತಿಂಗಳಲ್ಲೇ ನನ್ನ ಕಾಟ ತಾಳದೆ ಗಂಡ ಗದಗಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಅದು ಇನ್ನೂ ಹಾಗೆಯೇ ಇದೆ. ಈಗ ಪೋಸ್ಟ್‌ಮ್ಯಾನ್ ಅಂಗಳಕ್ಕೆ ಬಂದರೆ ನನ್ನ ಎದೆ ಧಸಕ್ ಎನ್ನುತ್ತದೆ, ಆ ಅರ್ಜಿ ಎಲ್ಲಿ ಮಂಜೂರಾಗಿಬಿಟ್ಟಿತೋ ಎಂದು.