ಅವ್ವ ಎತ್ತಿದ ಭಂಡಾರ

ಬಿಲೀಫ್, ಫೇತ್ ಎರಡಕ್ಕೂ ನಂಬಿಕೆ ಅಂತಲೇ ಬರೆದರೆ ಆಗದೇ ಎಂದು ಚಿಕ್ಕೋಡಿಯ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಆಗುವುದಿಲ್ಲ ಎಂದು ನಾನೂ ಪ್ರತಿ ವರ್ಷ ಹಟ ಹಿಡಿಯುತ್ತೇನೆ. ಡಿಕ್ಷನರಿ ನೋಡಿ ಕಲಿತದ್ದಲ್ಲ ಇದು. ಇಂಗ್ಲಿಷ್ ಪೇಪರಿನಲ್ಲೇ ಡುಮ್ಕಿ ಹೊಡೆದು ಕಲಿತದ್ದು.

ಆಗ ನಾವು ಭೋಜ ಎಂಬ ಹಳ್ಳಿಯಲ್ಲಿದ್ದೆವು. ಅಪ್ಪ ಇರಲಿಲ್ಲ, ಸೋದರಮಾವನದೇ ಹಿರಿತನ. ಡಿಗ್ರಿಯ ಆ ಒಂದು ಪೇಪರ್ ಎರಡನೇ ಸಲವೂ ಹೋದಾಗ ಅವನು ರಾಯಬಾಗದ ಒಂದು ಗಂಡು ನೋಡಿಕೊಂಡು ಬಂದ. ಅವರಿಗೆ ಓದುವ ಸೊಸೆ ಬೇಕಿರಲಿಲ್ಲ. ನನಗೆ ಓದು ಬಿಟ್ಟು ಬೇರೇನೂ ಬೇಕಿರಲಿಲ್ಲ. ಆದರೆ ಫೇಲಾದವಳ ಮಾತು ಯಾರು ಕೇಳುತ್ತಾರೆ?

ಒಂದು ಭಾನುವಾರ ಅವ್ವ, ಮಾವ, ನಾನು ಮೂವರೂ ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋದೆವು. ಮಲ್ಲಯ್ಯನ ಭಂಡಾರ, ಅಂದರೆ ಗುಡಿಯ ಅರಿಶಿಣ ಪುಡಿ, ಕೈಯಲ್ಲಿ ಎತ್ತಿ ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ. ಅವ್ವನಿಂದ ಮದುವೆಯ ಮಾತು ತೆಗೆದುಕೊಳ್ಳಲೆಂದೇ ಮಾವ ಕರೆದುಕೊಂಡು ಹೋಗಿದ್ದ.

"ಪೋರಿ ಶಾಣೆ ಅದಾಳ, ಪಾಸ್ ಆಗ್ತಾಳಂತ ನನಗೂ ನಂಬಿಕಿ ಐತಿ," ಅಂದ ಮಾವ. "ಖರೇ, ಗಂಡಿನವರು ಕಾಯೂದಿಲ್ಲ ತಂಗಿ."

"ನಂಬಿಕಿ ಇದ್ರ ನೀನ ಎತ್ತಣ್ಣಾ, ಪಾಸ್ ಆಗ್ತಾಳಂತ," ಎಂದು ಅವ್ವ ಭಂಡಾರದ ತಟ್ಟೆ ಮುಂದೆ ಹಿಡಿದಳು.

ಮಾವನ ಕೈ ಜೇಬಿಗೆ ಹೋಯಿತು. ಅವ್ವ ತಾನೇ ಮುಷ್ಟಿ ತುಂಬ ಎತ್ತಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದಳು.

ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಜಗಳ ತೆಗೆದೆ. "ನಾ ಪಾಸ್ ಆಗ್ತೀನಂತ ಯಾಕ ಎತ್ತಿದಿ ಅವ್ವಾ? ಫೇಲ್ ಆದ್ರ ದೇವ್ರ ಮುಂದ ನೀ ಸುಳ್ಳಾಗ್ತಿ."

"ಹುಚ್ಚಿ ಅದೀ ನೋಡು. ಪಾಸಾಗೂದು ನಿನ್ನ ಕೈಯಾಗಿಂದು, ಅದಕ್ಕ ನಾ ಹೆಂಗ ಎತ್ತಲಿ? ನೀನಾಗಿ ಸಾಕು ಅನ್ನೂತನಕ ನಿನ್ನ ಓದು ಬಿಡಸೂದಿಲ್ಲಂತ ಎತ್ತೇನಿ."

ಮಾವನದು ಬಿಲೀಫ್, ಅವ್ವನದು ಫೇತ್. ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬರುವುದಿಲ್ಲ, ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಸಿಗದಿದ್ದರೂ ಸರಿ.

ಮೂರನೇ ಸಲವೂ ಫೇಲಾದೆ. ಮಾವ ಇನ್ನೊಂದು ಗಂಡಿನ ಫೋಟೊ ಹಿಡಿದು ಬಂದ. ನಾನು ನಾಚಿಕೆಯಿಂದ ಒಳಗೇ ಕೂತಿದ್ದೆ. ಅವ್ವ ಅವನ ಕೈಗೆ ಚಹಾ ಕೊಟ್ಟು, ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ಮುಂದಿನ ಫಾರ್ಮ್ ತುಂಬೂದು ಯಾವತ್ತೈತಿ?"